ಹಸಿರು ಸಾಲದು

"ಅಕ್ಕಾ, ಹಸಿರು ಸಾಲದು."

ಕಲಾವಿದೆಯ ಕುಂಚ ಗೋಡೆಯ ಮೇಲೇ ನಿಂತುಬಿಟ್ಟಿತು. ಮಾತಾಡಿದ್ದು ಹಾಸಿಗೆಯಲ್ಲಿದ್ದ ತಮ್ಮ. ಲಕ್ವ ಹೊಡೆದು ಬಲಭಾಗ ಸೋತಂದಿನಿಂದ ಅವನು ಬಾಯಿ ಬಿಟ್ಟಿರಲಿಲ್ಲ. ನಾಲಿಗೆಗೇನೂ ಆಗಿಲ್ಲ, ಮನಸ್ಸೇ ಮುದುಡಿಕೊಂಡಿದೆ ಎಂದಿದ್ದರು ಡಾಕ್ಟರು. ಯಾರು ಮಾತಾಡಿಸಿದರೂ ಗೋಡೆಯ ಕಡೆಗೇ ಮುಖ. ನೋಡುವುದಾದರೆ ಇದನ್ನಾದರೂ ನೋಡಲಿ ಎಂದು ಅವಳು ಆ ಬೋಳು ಗೋಡೆಯ ಮೇಲೆ ಮರ ಬರೆಯತೊಡಗಿದ್ದಳು. ಚಿಕ್ಕಂದಿನಿಂದ ಅವಳಿಗೆ ಮರಗಳದೇ ಹುಚ್ಚು. ತಲೆ ನೆರೆತ ಮೇಲೂ, ಚಿಗುರಿದ ಕೊಂಬೆಯೊಂದು ಕಂಡರೆ ಬಂದ ಬಸ್ಸನ್ನೂ ಬಿಟ್ಟು ನೋಡುತ್ತ ನಿಲ್ಲುವವಳು.

ತಿರುಗಿ ನೋಡಿದರೆ ಮಾತು ಮತ್ತೆ ಒಳಗೆ ಸರಿದೀತೆಂಬ ಭಯ. ಬೆನ್ನು ಹಾಕಿಕೊಂಡೇ ಕೇಳಿದಳು, "ಎಲ್ಲಿ ಸಾಲದು?"

"ಮೇಲಿನ ಕೊಂಬೇಲಿ. ಬಿಸಿಲು ಬೀಳೋ ಕಡೆ."

"ನಂಗೆ ಅಷ್ಟೆತ್ತರ ಎಟುಕಲ್ಲ ಕಣೋ. ಉದ್ದಕ್ಕೆ ಬೆಳೆದವನು ನೀನು, ನೀನೇ ಹಾಕು ಬಾ."

ಬಾಗಿಲಲ್ಲಿ ಅಳು ನುಂಗಿಕೊಂಡು ನಿಂತಿದ್ದ ಅವನ ಹೆಂಡತಿ ಓಡಿಬಂದಳು. ಇಬ್ಬರೂ ಸೇರಿ ಅವನನ್ನು ಎಬ್ಬಿಸಿ, ಹೆಗಲು ಕೊಟ್ಟು ಗೋಡೆಯ ಹತ್ತಿರ ತಂದರು. ಅವನು ಎಡಗೈಯಲ್ಲಿ ಕುಂಚ ಹಿಡಿದು ಒಂದು ಎಲೆ ಬರೆದ.

"ಥೂ, ಸೊಟ್ಟಗಾಯ್ತು."

"ಆಗಲಿ ಬಿಡು. ಇನ್ನೊಂದು ಹಾಕು."

ಅವನು ಇನ್ನೊಂದು ಹಾಕಿದ. ಮತ್ತೊಂದು ಹಾಕಲು ಮೇಲಕ್ಕೆ ನಿಗುರಿದ. ಹೆಗಲ ಮೇಲಿನ ಭಾರ ಇಳಿದದ್ದು ಹೆಂಗಸರಿಬ್ಬರಿಗೂ ಒಟ್ಟಿಗೇ ತಿಳಿಯಿತು. ಅದು ಅವನಿಗಿನ್ನೂ ಗೊತ್ತಾಗಿರಲಿಲ್ಲ. ಉಸಿರಾಡಲೂ ಹೆದರಿ, ಇಬ್ಬರೂ ಮೆಲ್ಲಗೆ ಕೈ ಬಿಟ್ಟರು.