ಒಂದು ಹಗ್ಗ, ಒಂದು ಚಾಕು

ಬೆಟ್ಟದ ಬುಡದಲ್ಲಿ ಹಗ್ಗ ಕಟ್ಟಿಕೊಳ್ಳುವ ಹೊತ್ತಿಗೆ, ಜೊತೆಗೆ ಬಂದಿದ್ದ ಮಾರ್ಗದರ್ಶಿ ಗೊಣಗಪ್ಪ ಹಿಂದೆ ಸರಿದ.

"ನನ್ನದು ಬೇರೆ ಹಗ್ಗ ಇರಲಿ. ತಪ್ಪು ತಿಳ್ಕೋಬೇಡಮ್ಮ, ಮನೇಲಿ ಹೆಂಡತಿ ಇದ್ದಾಳೆ. ಜಗಳಗಂಟಿ, ಆದರೂ ಇದ್ದಾಳೆ."

ಸೊಸೆ ಹಗ್ಗದ ತುದಿ ಹಿಡಿದು ನಿಂತೇ ಇದ್ದಳು. ಪ್ರವಾಸಿಗರನ್ನು ಬೆಟ್ಟ ಹತ್ತಿಸಿ ಇಳಿಸುವುದು ಆ ಮನೆಯವರ ಕಸುಬು. ಮಾವನದು, ಗಂಡನದು, ಅವಳದೂ. ಗಂಡ ಬಿದ್ದ ಮೇಲೆ ಅವಳ ಹಗ್ಗಕ್ಕೆ ಯಾರೂ ಕಟ್ಟಿಕೊಂಡಿರಲಿಲ್ಲ.

ಮಾವ ಬಂದು ತುದಿಯನ್ನು ತೆಗೆದುಕೊಂಡು ಸೊಂಟಕ್ಕೆ ಬಿಗಿದುಕೊಂಡರು. ಅವಳ ಮುಖ ನೋಡಲಿಲ್ಲ.

ಆ ಕಸುಬಿನವರಲ್ಲಿ ಹಿಂದಿನಿಂದ ಬಂದ ಕಟ್ಟುಪಾಡೊಂದಿದೆ: ಒಂದು ಹಗ್ಗಕ್ಕೆ ಒಂದೇ ಚಾಕು. ಅದು ಆಪತ್ತಿಗೆಂದು ಮುಂದೆ ನಡೆಯುವವರ ಮಣಿಕಟ್ಟಿನಲ್ಲಿ ದಾರದಿಂದ ತೂಗುತ್ತಿರುತ್ತದೆ. ಸರದಿ ಬದಲಾದರೆ ಚಾಕುವೂ ಕೈ ಬದಲಾಗುತ್ತದೆ. ಇಬ್ಬರ ಬಳಿಯೂ ಚಾಕು ಇದ್ದರೆ ಒಬ್ಬರ ಮೇಲೊಬ್ಬರಿಗೆ ಗುಮಾನಿ ಹುಟ್ಟುತ್ತದೆಂದು ಹಳಬರು ಹಾಗೆ ಮಾಡಿದ್ದರು.

ಚಳಿಗಾಲದ ಆ ದಿನ ಗಂಡ ಹೆಂಡತಿ ಶಿಖರದ ಅಂಚಿನಲ್ಲಿ ಸರದಿಯ ಮೇಲೆ ಮುಂದೆ ನಡೆದಿದ್ದರು. ಮಂಜು ಕವಿದಿತ್ತು. ಅವನು ಜಾರಿದ. ರಕ್ಷಣೆಗೆ ಹೋದವರಿಗೆ, ಬಂಡೆಯ ಜಗುಲಿಯ ಮೇಲೆ ತಲೆಗೆ ಕಲ್ಲು ಬಡಿದು ಪ್ರಜ್ಞೆ ತಪ್ಪಿದ್ದ ಅವಳು ಸಿಕ್ಕಳು. ಸೊಂಟದಲ್ಲಿ ತುಂಡು ಹಗ್ಗ. ಅದು ಹರಿದಿರಲಿಲ್ಲ, ಯಾರೋ ಕತ್ತರಿಸಿದ್ದರು. ಅಂಚಿನ ನಡಿಗೆಗೆ ಹಗ್ಗವನ್ನು ಗಿಡ್ಡ ಮಾಡಿಕೊಳ್ಳುತ್ತಾರೆ. ಕತ್ತರಿಸಿದ ಜಾಗ ಇಬ್ಬರ ಕೈಗೂ ಎಟುಕುವಂಥದು. ಚಾಕು ಸಿಗಲಿಲ್ಲ. ಮರುದಿನವೇ ಹಿಮ ಸುರಿಯಿತು. ಅವನೂ ಸಿಗಲಿಲ್ಲ.

"ಸರದಿ ಯಾರದಿತ್ತು?" ಎಂದು ಎಲ್ಲರೂ ಕೇಳಿದರು. ಅವಳಿಗೆ ನೆನಪಿರಲಿಲ್ಲ. ತನ್ನನ್ನು ತಾನೇ ಕೇಳಿಕೊಂಡು ಕೇಳಿಕೊಂಡು ಬತ್ತಿಹೋಗಿದ್ದಳು. ಅಳುವೂ ಬರುತ್ತಿರಲಿಲ್ಲ. ಒಲೆಯ ಮುಂದೆ ಕೈ ಸುಟ್ಟರೆ, ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಂಡು ತಿಳಿಯುತ್ತಿತ್ತು.

ಮಾವ ಮಾತ್ರ ಒಮ್ಮೆಯೂ ಕೇಳಲಿಲ್ಲ. ಅದೇ ಅವಳಿಗೆ ಹೆಚ್ಚು ಭಾರವಾಗಿತ್ತು. ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು, ದೇವರ ಮುಂದೆ ಕೂರುತ್ತಿದ್ದರು. ಹಿಮ ಕರಗತೊಡಗಿದ ಮೇಲೆ ಬೆಳಗಾಗುತ್ತಲೇ ಒಬ್ಬರೇ ಬೆಟ್ಟಕ್ಕೆ ಹೊರಡುವುದು ರೂಢಿಯಾಯಿತು.

"ಎಲ್ಲಿಗೆ ಮಾವ?"

"ಪ್ರಾರ್ಥನೆಗೆ."

ಮೊನ್ನೆ ಮಂಡಿ ತರಚಿಕೊಂಡು ಬಂದರು. ಬೂಟು ಬಿಚ್ಚುತ್ತ, "ನಾಡಿದ್ದು ಅವನನ್ನ ಹುಡುಕೋಕೆ ಹೋಗೋಣ. ಗೊಣಗಪ್ಪನಿಗೂ ಹೇಳಿಕಳಿಸು. ಸಾಕ್ಷಿ ಇರಲಿ" ಎಂದರು.

ಅವಳ ಮೇಲೆ ಮೊದಲು ಸಂಶಯ ಎತ್ತಿದವನೇ ಗೊಣಗಪ್ಪ. ಸಾಕ್ಷಿ ಯಾತಕ್ಕೆಂದು ಅವಳಿಗೆ ಅರ್ಥವಾಯಿತು. ಹೇಳಿಕಳಿಸಿದಳು.

ಈಗ ಮೂವರೂ ಹತ್ತುತ್ತಿದ್ದ ದಾರಿಯ ಎರಡೂ ಕಡೆ ಹುಲ್ಲು ಚಿಗುರಿತ್ತು. ಹಳದಿ ಹೂಗಳು ನೆಲ ಕಾಣದಂತೆ ಅರಳಿದ್ದವು. ಕರಗಿದ ಹಿಮದ ನೀರು ಬಂಡೆಯಿಂದ ಬಂಡೆಗೆ ಹಾರಿ ಬಿಸಿಲಿಗೆ ಹೊಳೆಯುತ್ತಿತ್ತು. ಭಗವಂತನ ಸೃಷ್ಟಿಗೆ ಏನೂ ಕೊರತೆಯಿರಲಿಲ್ಲ. ಅವಳು ನೋಡಿದಳು, ನಡೆದಳು.

"ಚಾಕು ಅವನ ಹತ್ತಿರ ಸಿಕ್ಕರೆ ಅವನೇ ಕತ್ತರಿಸಿಕೊಂಡ ಅಂತಾಯ್ತು," ಎಂದ ಗೊಣಗಪ್ಪ. "ಸಿಗದಿದ್ದರೆ..."

"ಪೂರ್ತಿ ಹೇಳಿ."

"ಹೇಳೋಕೇನಿದೆ? ಕೊಂದ ಕೈಗೆ ಯಾರಮ್ಮ ಹಗ್ಗ ಕೊಡ್ತಾರೆ?"

"ನಾನೂ ಕೊಡಲ್ಲ," ಎಂದಳು ಅವಳು. "ಕತ್ತರಿಸಿದ್ದು ನಾನೇ ಅಂತಾದರೆ ಈ ಬೆಟ್ಟ ಇಳಿಯೋದೂ ಬೇಡ ಅಂದ್ಕೊಂಡಿದೀನಿ."

ಮುಂದೆ ನಡೆಯುತ್ತಿದ್ದ ಮಾವನ ಹೆಜ್ಜೆ ಒಂದು ಕ್ಷಣ ತಡೆಯಿತು. ತಿರುಗಿ ನೋಡಲಿಲ್ಲ.

ದಾರಿ ಕವಲೊಡೆಯಿತು. ಒಂದು ಅವಳು ಸಿಕ್ಕಿದ್ದ ಮೇಲಿನ ಜಗುಲಿಗೆ, ಇನ್ನೊಂದು ಕೆಳಗಿನ ಕಮರಿಗೆ.

"ಮೊದಲು ಜಗುಲಿ ನೋಡಿಬಿಡೋಣ ಅಣ್ಣ. ಹತ್ತಿರ," ಎಂದ ಗೊಣಗಪ್ಪ.

"ಮೊದಲು ನನ್ನ ಮಗ," ಎಂದು ಮಾವ ಕಮರಿಗೆ ಇಳಿದರು. ಎಲ್ಲೂ ನಿಂತು ದಾರಿ ಹುಡುಕಲಿಲ್ಲ.

"ಅದೇನು ಕಾಲೋ, ಮೇಕೆ ಕಾಲೋ! ಸ್ವಲ್ಪ ನಿಧಾನ!" ಗೊಣಗಪ್ಪ ಏದುಸಿರು ಬಿಟ್ಟ.

ಕಮರಿಯ ತಿರುವಿನಲ್ಲಿ ಮಾವ ನಿಂತರು. ತಮ್ಮ ಮಣಿಕಟ್ಟಿನ ಚಾಕುವನ್ನು ಬಿಚ್ಚಿ ಸೊಸೆಯ ಕೈಗೆ ಕಟ್ಟಿದರು.

"ಬೇಡ ಮಾವ."

"ಮುಂದೆ ನಡೆಯೋರ ಹತ್ತಿರ ಇರಬೇಕು. ನಡಿ."

ಅವಳು ನಡೆದಳು. ತಿರುವು ದಾಟಿದರೆ, ಕರಗುತ್ತಿದ್ದ ಹಿಮದ ಅಂಚಿನಲ್ಲಿ ನೀಲಿ ಜಾಕೆಟ್ಟು. ಅವನು ಪಕ್ಕಕ್ಕೆ ಮಲಗಿದ್ದ, ಮನೆಯಲ್ಲಿ ಮಲಗುತ್ತಿದ್ದ ಹಾಗೆಯೇ. ಬಲಗೈ ಹಿಮದಿಂದ ಹೊರಗಿತ್ತು. ಮಣಿಕಟ್ಟಿನಲ್ಲಿ ದಾರ. ದಾರದ ತುದಿಯಲ್ಲಿ ಅಲಗು ತೆರೆದ ಚಾಕು.

ಗೊಣಗಪ್ಪ ಟೋಪಿ ತೆಗೆದು ಮಂಡಿಯೂರಿದ. ಚಾಕುವಿನ ಮರದ ಹಿಡಿಯನ್ನು ನೋಡಿದ. "ನೀವೇ ಕೆತ್ತಿಕೊಟ್ಟ ಹಿಡಿ ಅಣ್ಣ. ಇವರಿಬ್ಬರ ಚಾಕುವೇ ಇದು." ಸೊಸೆಯ ಕಡೆ ತಿರುಗಿದ. "ಹೆಂಡತಿ ಉಳೀಲಿ ಅಂತ ತಾನೇ ಕತ್ತರಿಸಿಕೊಂಡನಲ್ಲ! ಅಮ್ಮಾ, ನನ್ನ ಬಾಯಿಗೆ ಹುಳ ಬೀಳ. ನಾಳೆಯಿಂದ ನನ್ನ ಗಿರಾಕಿಗಳನ್ನೂ ನಿನ್ನ ಜೊತೆಗೇ ಕಳಿಸ್ತೀನಿ."

ಅವಳಿಗೆ ಕೇಳಿಸಲಿಲ್ಲ. ಗಂಡನ ಕೈ ಹಿಡಿದಿದ್ದಳು. ಕೈ ತಣ್ಣಗಿತ್ತು, ತಣ್ಣಗಿದೆಯೆಂದು ಅವಳ ಬೆರಳಿಗೆ ತಿಳಿಯಿತು. ಆಮೇಲೆ ಅಳು ಬಂತು. ಚಳಿಗಾಲದಿಂದ ಕೂಡಿಟ್ಟ ಅಳು.

ಮಾವ ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿ ಕೈ ಜೋಡಿಸಿದ್ದರು. ತುಟಿ ಅಲುಗುತ್ತಿತ್ತು.

"ನೀವೂ ಒಂದು ಮಾತು ಹೇಳಿ ಅಣ್ಣ."

"ಸಾಕ್ಷಿ ನೀನು. ಕಂಡದ್ದನ್ನ ನೀನೇ ಹೇಳು."

ಗೊಣಗಪ್ಪ ಕಣ್ಣೊರೆಸಿಕೊಂಡು ಮೇಲೆ ನೋಡಿದ. "ಜಗುಲಿಗೂ ಒಮ್ಮೆ ಹೋಗಿ ಬರೋದಾ?"

"ಅಲ್ಲೇನೂ ಇಲ್ಲ," ಎಂದರು ಮಾವ.

ನಿಜವೇ. ಅಲ್ಲಿ, ಸೊಸೆ ಬಿದ್ದಿದ್ದ ಜಾಗದ ಕಲ್ಲಿನ ಸಂದಿನಲ್ಲಿ ದಾರ ಸಮೇತ ಸಿಕ್ಕ ಆ ಚಾಕುವನ್ನು ಅವರು ಮೊನ್ನೆಯೇ ಕೆಳಗೆ ತಂದು ಮಗನ ಮಣಿಕಟ್ಟಿಗೆ ಕಟ್ಟಿದ್ದರು.