ಬದಲಿ ಆಳು

ವಿಡಿಯೋದಲ್ಲಿ ಹಡಗಿನಲ್ಲಿದ್ದ ಮಗನ ಗಡ್ಡ ಕಂಡದ್ದೇ ತಡ, ಬೀರಯ್ಯ ಕೂತಲ್ಲಿಂದ ಎದ್ದುಬಿಟ್ಟ. ಸೊಸೆ ಶಿವರಂಜಿನಿ ಮೊಬೈಲನ್ನು ಎತ್ತ ಹಿಡಿದರೂ ಅವನು ಇನ್ನೊಂದು ಕಡೆ ಇರುತ್ತಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಅಂಗಳದಲ್ಲಿ ಸುತ್ತುತ್ತಿದ್ದ.

"ಅಡಗಲ್ಲಿ ಬ್ಯಾರೆ ಯಾರೂ ಇಲ್ವೇನ್ಲಾ?"

"ಎಲ್ಲಾ ಅವ್ರವ್ರ ಊರಿಗೋದ್ರು ಕಣಪ್ಪ, ನಾನೊಬ್ನೆ. ಕರೆಂಟಿಲ್ಲ. ಮಳೆನೀರು ಇಡ್ಕಂಡು ಕುಡಿತಾವ್ನಿ. ಮೀನಿನ ದೋಣಿಯೋರು ಫೋನ್ ಚಾರ್ಜ್ ಮಾಡ್ಕೊಟ್ರು..." ಅಷ್ಟರಲ್ಲಿ ಶಶಿಕುಮಾರನ ಮುಖ ನಿಂತುಹೋಯಿತು, ಆಮೇಲೆ ಫೋನೇ ಸತ್ತಿತು.

ಹಡಗಿನ ಮಾಲೀಕ ಸಾಲ ಮಾಡಿ ಕೈಯೆತ್ತಿದ್ದ. ಪರದೇಶದ ಕೋರ್ಟು ಹಡಗನ್ನು ಬಂದರಿನಾಚೆ ತಡೆದು ನಿಲ್ಲಿಸಿತ್ತು. ಮಾರಾಟವಾಗುವ ತನಕ ಹಡಗು ಬಿಟ್ಟಿಳಿಯದೆ ಕಾಯಲು ಒಬ್ಬನ ಹೆಸರು ಬೇಕು ಎಂದಾಗ ಉಳಿದವರೆಲ್ಲ ನೆಲ ನೋಡಿದರು. ಸಹಿ ಹಾಕಿದವನು ನಮ್ಮ ಭೀಮನಬೀಡಿನ ಶಶಿಕುಮಾರ. ಇಲ್ಲಿ ಆನೆ ಬರುವ ಕಾಲದಲ್ಲಿ ಹೊಲದ ಅಟ್ಟಣೆ ಹತ್ತಿದವನು ಬದಲಿ ಆಳು ಬರುವವರೆಗೆ ಇಳಿಯುವಂತಿಲ್ಲ. ಬದಲಿ ಆಳು ಬಂದೇ ಬರುತ್ತಾನೆ. ಆ ನಂಬಿಕೆಯ ಮೇಲೆ ಹಾಕಿದ ಸಹಿ ಅದು. ಅಪ್ಪನೂ ಏನು ಕಮ್ಮಿಯೇ? 'ನನ್ ಮಗನ್ನ ಅಡಗು ಕಾಯಕ್ಕೆ ಮಡಗವ್ರೆ' ಎಂದು ಗುಂಡ್ಲುಪೇಟೆ ಸಂತೆಯವರೆಗೂ ಡಂಗುರ ಸಾರಿ ಬಂದಿದ್ದ. ಎರಡು ಮಳೆಗಾಲ ಕಳೆದವು. ಈಗ ಸಂತೆಯಲ್ಲಿ ಯಾರಾದರೂ ಮಗನ ಸುದ್ದಿ ಎತ್ತಿದರೆ ದಾರಿ ಬದಲಿಸುತ್ತಿದ್ದ.

ಶಿವರಂಜಿನಿ ತಡೆಯಲಾರದೆ ನಾವಿಕರ ಸಂಘದ ವನಿತಾಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಇದ್ಯಾವ ನ್ಯಾಯ ಮೇಡಂ? ಸಾಲ ಮಾಡ್ದೋನು ಆರಾಮಾಗಿ ಓಡಾಡ್ಕಂಡವ್ನೆ, ದುಡಿದೋನು ಜೈಲಲ್ಲವ್ನೆ!"

"ನ್ಯಾಯ ಅಲ್ಲಮ್ಮ. ಅನ್ನ, ನೀರು, ಊರಿಗೆ ಕಳಿಸೋದು, ಎಲ್ಲ ಹಡಗಿನವರ ಹಕ್ಕು ಅಂತ ದೇಶದೇಶಗಳೇ ಒಪ್ಪಿ ಸಹಿ ಹಾಕಿವೆ. ಅದನ್ನೇ ಕೋರ್ಟಿಗೆ ಹೇಳ್ತಾ ಇದೀವಿ. ಅವರೋ, ಇನ್ನೊಬ್ಬರ ಹೆಸರು ಕೊಟ್ರೆ ಮಾತ್ರ ಇವರನ್ನ ಬಿಡ್ತೀವಿ ಅಂತಾರೆ."

ಬೀರಯ್ಯನ ಸುತ್ತಾಟ ನಿಂತಿತು. ಶಿವರಂಜಿನಿ ತಲೆ ತಗ್ಗಿಸಿದಳು. ಕೆಲಸಕ್ಕಾಗಿ ಬದನಗುಪ್ಪೆಯ ಫ್ಯಾಕ್ಟರಿ ಗೇಟುಗಳನ್ನು ಎಡತಾಕುತ್ತಿದ್ದ ತಮ್ಮ ಶಿವಮಲ್ಲು ಅವಳಿಗೆ ನೆನಪಾಗಿದ್ದ. ನೆನಪಾದದ್ದಕ್ಕೇ ನಾಚಿಕೆಯಾಗಿ ಕಣ್ಣು ತುಂಬಿತು.

"ನನ್ನೆಸ್ರು ಬರ್ಕಳವ್ವ," ಎಂದ ಬೀರಯ್ಯ. "ಬೀರಯ್ಯ, ಭೀಮನಬೀಡು. ಸಮುದ್ರ ಕಂಡೋನಲ್ಲ, ಈಜೂ ಬರಾಕಿಲ್ಲ. ಅದ್ರಿಂದ ಏನಾರ ತೊಂದ್ರೆ ಆದದಾ?"

ಫೋನಿನಲ್ಲಿ ವನಿತಾಳ ದನಿ ಮೆತ್ತಗಾಯಿತು.

"ಅಜ್ಜಾ, ನಾವು ಕೇಳ್ತಿರೋದು ಅಲ್ಲಿ ಬೇರೆಯವರನ್ನ ಇಡಿ ಅಂತಲ್ಲ. ಯಾರನ್ನೂ ಹಾಗೆ ಇಡಬಾರದು ಅಂತ."

"ಕೇಳವ್ವ, ಗಟ್ಟಿಯಾಗೇ ಕೇಳು," ಎಂದ ಬೀರಯ್ಯ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. "ಅವ್ರು ಊಂ ಅನ್ನೋಗಂಟ ನಾನಲ್ಲಿ ಕೂತಿರ್ತೀನಿ."