ಕರಡಿ ತೊಗಲಿಗೆ ಕಲ್ಲುಪ್ಪು

ಕ್ರೋಯ್ಡನ್‌ನ ನಮ್ಮ ಪಕ್ಕದ ಮನೆಯ ತಾತನ ಕರಡಿ ತೊಗಲನ್ನು ಕೊಳೆಸಲು ಹೊರಟ ಪುಣ್ಯಾತ್ಮ ನಾನೇ. ಹದವಾಗಿ ಅವರ ಗೋಡೆಯ ಮೇಲೆ ತೂಗುತ್ತಿರುವ ಅದನ್ನು ಇವತ್ತು ಸವರಿದೆ; ಒಂದು ಕೂದಲೂ ಕೈಗೆ ಬರಲಿಲ್ಲ.

ಅವರು ಕೆನಡಾದಲ್ಲಿ ಬೇಟೆಯಾಡಿ ತಂದ ಹಸಿ ತೊಗಲು, ಹದ ಮಾಡುವವನು ಸಿಗುವವರೆಗೆ ನಮ್ಮ ಗ್ಯಾರೇಜಿನ ಫ್ರೀಜರಿನಲ್ಲಿತ್ತು. ಹೊದ್ದುಕೊಂಡು ಅವರ ಕೆಮ್ಮನ್ನು ಅಣಕಿಸುವ ಆಸೆಗೆ, ಮೆತ್ತಗಾಗಲೆಂದು ಅದನ್ನು ಹೀಟರಿನ ಪಕ್ಕ ಹರವಿ ಮರೆತೇಬಿಟ್ಟೆ. ಮರುದಿನ ಮಧ್ಯಾಹ್ನ ನಾತ ಎದ್ದಿತು.

ಧಾರವಾಡದಿಂದ ಬಂದಿದ್ದ ಅಜ್ಜಿ ಮನೆಯೊಳಗೆ ಮೊಟ್ಟೆಯನ್ನೂ ಬಿಡದವಳು. ಅವಳೇ ಸೆರಗು ಸಿಕ್ಕಿಸಿ ಕೂತು, ಉಪ್ಪಿನಕಾಯಿಗೆಂದು ಇಟ್ಟಿದ್ದ ಕಲ್ಲುಪ್ಪನ್ನು ತೊಗಲಿನ ಒಳಮೈಯ ಸಂದುಸಂದಿಗೂ ತಿಕ್ಕತೊಡಗಿದಳು. “ತೊಗಲು ನೀರು ಬಿಡಬೇಕು, ಅಂದ್ರ ಕೆಡಂಗಿಲ್ಲ.”

ನಾನು ಅಮ್ಮನ ದನಿ ತೆಗೆದೆ: “ಅತ್ತ್ಯಾರ, ನಿಮ್ಮ ಮಡಿ ಏನಾತ್ರೀ?”

ಅಜ್ಜಿ ತಲೆ ಎತ್ತಲಿಲ್ಲ. “ಜಳಕಾ ಸಂಜೀಕ ಮಾಡಿದ್ರೂ ನಡೀತದ, ತೊಗಲು ಸಂಜೀತನಕ ಕಾಯಂಗಿಲ್ಲ. ಉಪ್ಪು ತಾ, ಮಂಗ್ಯಾ!”